ಎರಡನೆಯ ಊರುಗೋಲು

ನಮ್ಮ ಊರಿನಲ್ಲಿ ಆಗ ಕೋಲಿಲ್ಲದೆ ನಡೆಯುವವರು ಯಾರೂ ಇರಲಿಲ್ಲ. ಬರೀ ಮುದುಕರ ಮಾತಲ್ಲ ಇದು. ಗರಡಿಮನೆಯ ಪೈಲ್ವಾನ ಕೋಲೂರಿಕೊಂಡೇ ಕುಸ್ತಿಗೆ ಇಳಿಯುತ್ತಿದ್ದ. ಮದುಮಗ ಕೋಲೂರಿಕೊಂಡೇ ಹಸೆಮಣೆ ಏರುತ್ತಿದ್ದ. ಕಳ್ಳ ಕೋಲೂರಿಕೊಂಡು ಓಡುತ್ತಿದ್ದ, ಪೊಲೀಸಿನವ ಕೋಲೂರಿಕೊಂಡು ಬೆನ್ನಟ್ಟುತ್ತಿದ್ದ. ಕೊನೆಗೆ ಇಬ್ಬರೂ ಏದುಸಿರು ಬಿಡುತ್ತ ಒಂದೇ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಊರಬಾಗಿಲಿನ ಕಲ್ಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೊರೆದಿತ್ತು: ಒಂದು ಕೈ ಕೋಲಿಗೆ, ಒಂದು ಕೈ ಬಾಳಿಗೆ. ಕೂತಾಗಲೂ ಕೋಲು ಬಿಡುವಂತಿರಲಿಲ್ಲ. ಮಲಗಿದಾಗ ಮಗ್ಗುಲಲ್ಲಿ ಇಟ್ಟುಕೊಂಡು ಅದರ ಮೇಲೊಂದು ಕೈ ಹಾಕಿಯೇ ನಿದ್ದೆ ಮಾಡಬೇಕು. ನೆಲವನ್ನು ನಂಬುವಂತಿಲ್ಲ ಎಂದು ನಮಗೆ ಹಾಲಿನ ಜೊತೆಗೇ ಕುಡಿಸಿದ್ದರು.

ಒಂದು ಕೈ ಹೀಗೆ ಹೋದ ಮೇಲೆ ಎರಡು ಕೈ ಬೇಕಾದ ಕೆಲಸಕ್ಕೆಲ್ಲ ಇಬ್ಬರು ಬೇಕಾಗುತ್ತಿತ್ತು. ಹೆಂಡತಿಯ ಒಂದು ಕೈ, ಗಂಡನ ಒಂದು ಕೈ ಸೇರಿ ರೊಟ್ಟಿ ತಟ್ಟುತ್ತಿದ್ದವು. ಅವರಿಬ್ಬರಿಗೆ ಜಗಳವಾದ ದಿನ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೆರಳು ಹಾಕಲು ಪಕ್ಕದ ಮನೆಯವಳು ಬೇಕು, ಚೊಣ್ಣದ ಲಾಡಿ ಕಟ್ಟಲು ಅಣ್ಣನೋ ತಮ್ಮನೋ ಬೇಕು. ನಮಸ್ಕಾರ ಮಾಡಬೇಕಾದರೂ ಇಬ್ಬರು ಒಂದೊಂದು ಅಂಗೈ ಕೂಡಿಸಿ ಮೂರನೆಯವನಿಗೆ ಮಾಡಬೇಕು. ಹಾಗಾಗಿ ಒಬ್ಬನೇ ಹೋಗುತ್ತಿರುವವನಿಗೆ ಒಬ್ಬನೇ ಬರುತ್ತಿರುವವನು ಎದುರಾದರೆ ಇಬ್ಬರೂ ಆಕಾಶ ನೋಡುತ್ತ ದಾಟಿಕೊಂಡು ಹೋಗುತ್ತಿದ್ದರು. ನಮ್ಮೂರಿನ ಪ್ರೇಮಗಳೆಲ್ಲ ಹುಟ್ಟಿದ್ದು ಗಂಟು ಹಾಕುವಾಗ. ಇದನ್ನೆಲ್ಲ ಪರವೂರಿನವರು ನೋಡಿ ನಗುತ್ತಿದ್ದರು. ನಮಗೋ ಅದು ದೊಡ್ಡ ಹೆಮ್ಮೆ. ಇಷ್ಟೊಂದು ಒಗ್ಗಟ್ಟು ಬೇರೆ ಯಾವ ಊರಿನಲ್ಲಿದೆ ಎಂದು ಕೇಳುತ್ತಿದ್ದೆವು. ಆ ಒಗ್ಗಟ್ಟು ತನ್ನದೇ ಕೊಡುಗೆ ಎಂದು ಊರುಗೋಲು ತಯಾರಕರ ಸಂಘ ಪ್ರತಿ ಯುಗಾದಿಗೂ ಹೇಳಿಕೊಳ್ಳುತ್ತಿತ್ತು.

ಸಂಘ ಹುಟ್ಟಿದ ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಹಿಂದೆ, ಬಹಳ ಹಿಂದೆ, ಊರಿನ ದೊರೆ ಮಾವಿನ ಗೊರಟದ ಮೇಲೆ ಕಾಲಿಟ್ಟು ಜಾರಿ ಬಿದ್ದ. ಪಾದ ಉಳುಕಿತು. ಆಗ ಊರಿನಲ್ಲಿ ಒನಕೆ, ಕೊಡಲಿಕಾವು ಮಾಡಿಕೊಂಡಿದ್ದ ಕೆಲವು ಬಡಗಿಗಳಿದ್ದರು. ಬೇವಿನ ಮರದ ಕೆಳಗೆ ಕೂತು ಒಬ್ಬರನ್ನೊಬ್ಬರು ಬೈದುಕೊಳ್ಳುವುದೇ ಅವರ ಸಂಜೆಯ ಕೆಲಸ. ಅವರಲ್ಲೊಬ್ಬ ದೊರೆಗೆ ಒಂದು ಊರುಗೋಲು ಮಾಡಿಕೊಟ್ಟ. ದೊರೆ ಕುಂಟುತ್ತಿರುವಾಗ ತಾನು ನೆಟ್ಟಗೆ ನಡೆದರೆ ಮರ್ಯಾದೆಯಲ್ಲ ಎಂದು ಮಂತ್ರಿ ತಾನೂ ಒಂದು ಕೋಲು ಹಿಡಿದ. ಮಂತ್ರಿಯನ್ನು ನೋಡಿ ಸೇನಾಪತಿ, ಸೇನಾಪತಿಯನ್ನು ನೋಡಿ ಪುರೋಹಿತ, ಅವರೆಲ್ಲರನ್ನೂ ನೋಡಿ ಅವರವರ ಹೆಂಡಂದಿರು. ಬಡಗಿಗಳು ಇದ್ದ ಹಣವನ್ನೆಲ್ಲ ಸುರಿದು ಮರ ತರಿಸಿದರು. ಮರ ಊರಿಗೆ ಬಂದಿಳಿದ ದಿನವೇ ದೊರೆಯ ಕಾಲು ವಾಸಿಯಾಯಿತು.

ಬಡಗಿಗಳು ಬೇವಿನ ಮರದ ಕೆಳಗೆ ಸೇರಿದರು. ಆ ದಿನ ಮಾತ್ರ ಒಬ್ಬರನ್ನೊಬ್ಬರು ಬೈಯಲಿಲ್ಲ. ಸಂಘ ಕಟ್ಟಿದರು, ಅಧ್ಯಕ್ಷನನ್ನು ಆರಿಸಿದರು, ಮೊದಲ ಠರಾವು ಪಾಸು ಮಾಡಿದರು. ಠರಾವು ಹೀಗಿತ್ತು: ದೊರೆಯ ಕಾಲು ವಾಸಿಯಾಗಿಲ್ಲ.

ಠರಾವನ್ನು ಹಿಡಿದುಕೊಂಡು ಅರಮನೆಗೆ ಹೋದಾಗ ದೊರೆ ತನಗೆ ನೋವಿಲ್ಲವಲ್ಲ ಎಂದನಂತೆ. ನೋವಿನ ವಿಷಯ ವೈದ್ಯರಿಗೆ ಗೊತ್ತಿರುವಷ್ಟು ದೊರೆಗಳಿಗೆ ಹೇಗೆ ಗೊತ್ತಿರುತ್ತದೆ ಎಂದು ಸಂಘದವರು ವಿನಯದಿಂದ ಕೇಳಿದರಂತೆ. ವೈದ್ಯನನ್ನು ಕರೆಸಿದರು. ಅವನು ಬೆಳ್ಳಿಯ ಹಿಡಿಯಿದ್ದ ಹೊಸ ಕೋಲನ್ನು ಊರಿಕೊಂಡು ಬಂದ, ಕಾಲನ್ನು ಒತ್ತಿ ನೋಡಿದ, ಇದು ಒಳನೋವು, ಇದ್ದವರಿಗೇ ತಿಳಿಯುವುದಿಲ್ಲ ಎಂದ. ಪಾಪ, ದೊರೆ ಸಾಯುವವರೆಗೂ ಕುಂಟಿದ.

ಅಲ್ಲಿಂದ ಮುಂದಕ್ಕೆ ಸಂಘ ಹಿಂದೆ ನೋಡಲಿಲ್ಲ. ಶಾಲೆಗೆ ಗೋಡೆ ಕಟ್ಟಿಸಿಕೊಟ್ಟಿತು. ಆ ಗೋಡೆಯ ಮೇಲೆ ಮನುಷ್ಯನ ಚಿತ್ರ ಬರೆಸಿತು. ಚಿತ್ರದ ಮನುಷ್ಯನಿಗೆ ಮೂರು ಕಾಲು. ಹುಟ್ಟುವಾಗ ಎರಡು ಬರುತ್ತವೆ, ಮೂರನೆಯದನ್ನು ಸಂಘ ಕೊಡುತ್ತದೆ ಎಂದು ಮಾಸ್ತರರು ಪಾಠ ಮಾಡುತ್ತಿದ್ದರು. ಮಗು ಗೋಡೆ ಬಿಟ್ಟು ಮೊದಲ ಹೆಜ್ಜೆ ಇಟ್ಟ ದಿನ ಮನೆಯವರೆಲ್ಲ ಬಿದ್ದೀಯ, ಬಿದ್ದೀಯ ಎಂದು ಓಡಿಹೋಗಿ ಅದರ ಕೈಗೊಂದು ಪುಟ್ಟ ಕೋಲು ತುರುಕುತ್ತಿದ್ದರು. ನಂತರ ಪಾಯಸದ ಊಟ. ಆ ಊಟದಲ್ಲಿ ಸಂಘದ ಪ್ರತಿನಿಧಿಗೊಂದು ಎಲೆ ಕಡ್ಡಾಯ.

ಸಂಘ ಯಾವತ್ತೂ ಆಜ್ಞೆ ಮಾಡಿದ್ದಿಲ್ಲ, ಇದನ್ನು ಮಾತ್ರ ಒಪ್ಪಿಕೊಳ್ಳಬೇಕು. ಅದು ವಿನಂತಿ ಮಾಡಿಕೊಳ್ಳುತ್ತಿತ್ತು. ವಿನಂತಿ ಸಭಾಭವನಕ್ಕೆ ಬರುತ್ತಿತ್ತು, ಅಲ್ಲಿ ಕಾನೂನಾಗಿ ಹೊರಗೆ ಹೋಗುತ್ತಿತ್ತು. ಸಭಾಭವನದ ನೆಲಕ್ಕೆ ಹಲಗೆ ಹಾಸಿಕೊಟ್ಟದ್ದೂ ಸಂಘವೇ. ಹಲಗೆಯ ಕೆಳಗೆ ಪೊಳ್ಳು ಬಿಟ್ಟಿದ್ದರು. ಯಾವುದೇ ಮಾತಿಗೆ ಒಪ್ಪಿಗೆ ಇದ್ದವರು ಕೋಲಿನಿಂದ ನೆಲ ಕುಟ್ಟಬೇಕು. ಠಕ್ಕೆಂದರೆ ಇಡೀ ಭವನ ಗುಡುಗುತ್ತಿತ್ತು. ಒಬ್ಬ ಗುಮಾಸ್ತ ನೆಲಕ್ಕೆ ಕಿವಿ ಹಚ್ಚಿ ಮಲಗಿರುತ್ತಿದ್ದ. ಗುಡುಗು ನಿಂತ ಮೇಲೆ ತಲೆಯೆತ್ತಿ, ಒಪ್ಪಿಗೆ ಆಯಿತು ಎನ್ನುತ್ತಿದ್ದ. ಒಪ್ಪಿಗೆ ಇಲ್ಲದವರಿಗೂ ದಾರಿಯಿತ್ತು. ಅವರು ಕೋಲನ್ನು ನೆಲದಿಂದ ಮೇಲಕ್ಕೆ ಎತ್ತಿ ಹಿಡಿಯಬೇಕು. ಎತ್ತಿದರೆ ಆಸರೆಯಿಲ್ಲದೆ ನಿಂತಂತಾಯಿತು. ಆಸರೆಯಿಲ್ಲದೆ ನಿಲ್ಲುವುದು ಅಪರಾಧ. ಬಾಗಿಲಲ್ಲಿ ಪೊಲೀಸಿನವ ನಿಂತೇ ಇರುತ್ತಿದ್ದ. ಹೀಗಾಗಿ ನಮ್ಮೂರಿನ ಚರಿತ್ರೆಯಲ್ಲಿ ಎಲ್ಲ ಕಾನೂನುಗಳೂ ಸರ್ವಾನುಮತದವು. ದೊರೆಗಳನ್ನು ಆರಿಸುತ್ತಿದ್ದುದೂ ಹೀಗೆಯೇ. ಹೊಸ ದೊರೆ ಮೊದಲು ಸಂಘದ ಕಚೇರಿಗೆ ಹೋಗಿ ಅಧ್ಯಕ್ಷರ ಕೈಯಿಂದ ಕೋಲು ಪಡೆದು, ಆಮೇಲೆ ಅರಮನೆಗೆ ಹೋಗಿ ಪಟ್ಟಕ್ಕೆ ಕೂರುತ್ತಿದ್ದ.

ಸಂಘದ ಕಾರ್ಖಾನೆಯೊಳಗೆ ಮಾತ್ರ ಈ ನಿಯಮ ಇರಲಿಲ್ಲ. ಮರ ಕೆತ್ತಲು ಎರಡು ಕೈ ಬೇಕಲ್ಲ. ಕೆತ್ತುವವರು ಗೇಟಿನ ಬಳಿ ಕೋಲು ಇಟ್ಟು ಒಳಗೆ ಹೋಗಿ, ದಿನವಿಡೀ ಎರಡೂ ಕೈಯಲ್ಲಿ ಕೆಲಸ ಮಾಡಿ, ಸಂಜೆ ಕೋಲು ಹಿಡಿದು ಹೊರಗೆ ಬರುತ್ತಿದ್ದರು. ಒಳಗೆ ಅವರು ಬೀಳುತ್ತಿರಲಿಲ್ಲವೇ ಎಂದು ಯಾರೂ ಕೇಳಲಿಲ್ಲ. ಗರ್ಭಗುಡಿಯೊಳಗೆ ಪೂಜಾರಿ ಏನು ಮಾಡುತ್ತಾನೆ ಎಂದು ಕೇಳುತ್ತೇವೆಯೇ?

ಹೀಗೆ ತಲೆಮಾರುಗಳು ಕಳೆದವು. ಕೊನೆಗೆ ಸಂಘಕ್ಕೆ ಒಂದು ಕಷ್ಟ ಬಂತು. ಅದರ ಕೋಲುಗಳು ಬಹಳ ಗಟ್ಟಿಯಾಗಿದ್ದವು. ಅಜ್ಜನ ಕೋಲು ಮೊಮ್ಮಗನಿಗೂ ಬರುತ್ತಿತ್ತು. ಊರಿನ ಎಲ್ಲರ ಕೈಯಲ್ಲೂ ಕೋಲು ಇದ್ದಮೇಲೆ ಹೊಸದು ಯಾರಿಗೆ ಬೇಕು? ಸತ್ತವರ ಕೋಲು ಹಿಡಿದರೆ ಮನೆಗೆ ದರಿದ್ರ ಎಂದು ಜ್ಯೋತಿಷಿಯ ಬಾಯಲ್ಲಿ ಹೇಳಿಸಿದರು. ಕಾಲಕ್ಕೊಂದು ಬಣ್ಣದ ಕೋಲು ಎಂದರು. ಸ್ವಲ್ಪ ದಿನ ನಡೆಯಿತು. ಆಮೇಲೆ ವೈದ್ಯರು, ಅಂದರೆ ಆ ಮೊದಲ ವೈದ್ಯನ ವಂಶದವರು, ಒಂದು ಭಯಂಕರ ಸಂಗತಿ ಕಂಡುಹಿಡಿದರು. ಇಷ್ಟು ಕಾಲ ಒಂದೇ ಕಡೆ ಕೋಲೂರಿ ಊರೆಲ್ಲ ಬಲಕ್ಕೆ ವಾಲಿದೆ. ಹೀಗೇ ಬಿಟ್ಟರೆ ಒಂದು ದಿನ ಇಡೀ ಊರು ಮಗುಚಿ ಬೀಳುತ್ತದೆ. ಇದಕ್ಕೆ ಪರಿಹಾರ ಒಂದೇ, ಎಡಗೈಗೂ ಒಂದು ಕೋಲು.

ನಾವೆಲ್ಲ ಕನ್ನಡಿ ನೋಡಿಕೊಂಡೆವು. ಹೌದು, ವಾಲಿದ್ದೆವು. ವಾಲಿದ್ದೀರಿ ಎಂದು ಹೇಳಿದ ಮೇಲೆ ಯಾರು ತಾನೇ ವಾಲಿರುವುದಿಲ್ಲ?

ಎರಡೂ ಕೈಗೆ ಕೋಲು ಬಂದರೆ ಉಣ್ಣುವುದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ ಸಂಘದಲ್ಲಿ ಉತ್ತರ ಸಿದ್ಧವಾಗಿತ್ತು. ಓಣಿಗೊಂದು ತುತ್ತಿನ ಮನೆ ತೆರೆಯುತ್ತಾರೆ. ಕಾರ್ಖಾನೆಯ ಕೆತ್ತುವವರೇ ಅಲ್ಲಿ ನಿಂತು ಎಲ್ಲರ ಬಾಯಿಗೆ ತುತ್ತು ಇಡುತ್ತಾರೆ. ಜನ ಸಾಲಾಗಿ ಬಂದು ಬಾಯಿ ತೆರೆದರಾಯಿತು.

ಈ ಸುದ್ದಿ ಊರಲ್ಲಿ ಹಬ್ಬುವಾಗ ನಮ್ಮ ಓಣಿಯ ರೊಟ್ಟಿ ತಟ್ಟುವವಳೊಬ್ಬಳಿಗೆ ಅವಳಿ ಮಕ್ಕಳು ಹುಟ್ಟಿ ಕೆಲವೇ ತಿಂಗಳಾಗಿತ್ತು. ಅವಳ ಗಂಡ ಸಂಘದ ಕಾರ್ಖಾನೆಯಲ್ಲಿ ಕೆತ್ತುವವ. ಎರಡು ಗಂಡು ಕೂಸು, ಒಂದು ದೊಡ್ಡದು, ಒಂದು ಸಣ್ಣದು. ತಾಯಿಗೆ ಇದ್ದದ್ದು ಒಂದೇ ಕೈ. ದೊಡ್ಡದನ್ನು ಎತ್ತಿಕೊಂಡರೆ ಸಣ್ಣದು ಅಳುತ್ತಿತ್ತು, ಸಣ್ಣದನ್ನು ಎತ್ತಿಕೊಂಡರೆ ದೊಡ್ಡದು ಅಳುತ್ತಿತ್ತು. ಹಾಲೂಡುವಾಗಲೂ ಒಂದರ ಸರದಿ ಮುಗಿಯುವವರೆಗೆ ಇನ್ನೊಂದು ಚಾಪೆಯ ಮೇಲೆ ಕೈಕಾಲು ಬಡಿಯುತ್ತಿತ್ತು. ಹುಟ್ಟಿದ ದಿನದಿಂದ ಅವೆರಡೂ ಒಟ್ಟಿಗೆ ಸುಮ್ಮನಾದದ್ದು ನಿದ್ದೆಯಲ್ಲಿ ಮಾತ್ರ. ಪಕ್ಕದ ಮನೆಯಲ್ಲಿ ಹೂ ಕಟ್ಟುವ ಮುದುಕಿ ಇದ್ದಳು, ಕಟ್ಟುವುದಕ್ಕೆ ಜೊತೆಯಿಲ್ಲದೆ ಆಕೆಯ ಹೂವು ಬಾಡಿ ಹೋಗುತ್ತಿತ್ತು. ಆಕೆ ಬಂದು ಒಂದು ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಆದರೆ ಕೂಸಿಗೆ ಅವ್ವನ ಮೈಯೇ ಬೇಕು, ಏನು ಮಾಡುವುದು? ಎರಡನ್ನೂ ಒಂದೇ ಸಲ ಎದೆಗೆ ಅವಚಿಕೊಳ್ಳಬೇಕು ಎಂಬುದು ಆ ತಾಯಿಯ ಒಂದೇ ಆಸೆಯಾಗಿತ್ತು. ಅದು ಎಷ್ಟು ದೊಡ್ಡ ಆಸೆ ಎಂದರೆ ಬಾಯಿಬಿಟ್ಟು ಹೇಳಲೂ ಅವಳಿಗೆ ನಾಚಿಕೆ.

ಗಂಡ ಮಾತ್ರ ಆ ಸಂಜೆ ಕುಣಿಯುತ್ತ ಬಂದು, ಅವಳ ಜೊತೆ ರೊಟ್ಟಿ ತಟ್ಟಲು ಕೂತು ಸುದ್ದಿ ಹೇಳಿದ. ತನ್ನನ್ನು ತುತ್ತಿನ ಮನೆಗೆ ಮುಖ್ಯಸ್ಥನನ್ನಾಗಿ ಮಾಡುತ್ತಾರಂತೆ, ಜರಿಯಂಚಿನ ಪೇಟ ಕೊಡುತ್ತಾರಂತೆ, ಇಡೀ ಓಣಿ ತನ್ನ ಮುಂದೆ ಬಾಯಿ ತೆರೆದು ನಿಲ್ಲುತ್ತದಂತೆ. ರೊಟ್ಟಿ ತಟ್ಟುವವಳು ಹಿಟ್ಟಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ರೊಟ್ಟಿಯ ಮೇಲೆ ಅವನ ಕೈಯೊಂದೇ ಉಳಿಯಿತು.

"ಅಲ್ರೀ, ಊರಿಗೆಲ್ಲಾ ತುತ್ತು ಹಾಕ್ತೀರಿ ಖರೆ. ನಮ್ಮ ಕೂಸುಗಳನ್ನ ಎತ್ತಿಕೊಳ್ಳೋರು ಯಾರು?" ಎಂದು ಕೇಳಿದಳು.

ಗಂಡ ಯೋಚನೆ ಮಾಡಿದ. ಸಂಘದವರು ಅದಕ್ಕೂ ಏನಾದರೂ ಯೋಚಿಸಿರುತ್ತಾರೆ ಎಂದ. ಅವನು ಕೆಟ್ಟವನಲ್ಲ. ದಿನವಿಡೀ ಎರಡು ಕೈಯಲ್ಲಿ ಮರವನ್ನು ಹಿಡಿದು ಬಂದು, ಮನೆಯಲ್ಲಿ ಒಂದು ಕೈಯಲ್ಲಿ ಮಗನ ತಲೆ ಸವರುವುದು ವಿಚಿತ್ರ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ, ಅಷ್ಟೇ.

ಮರುದಿನ ಅವಳು ಒಂದು ಕೂಸನ್ನು ಮುದುಕಿಗೆ ಕೊಟ್ಟು, ಇನ್ನೊಂದನ್ನು ಎತ್ತಿಕೊಂಡು ಸಂಘದ ಕಚೇರಿಗೆ ಹೋದಳು. ಗೋಡೆಯ ಮೇಲೆ ಎಲ್ಲ ದೊರೆಗಳ ಚಿತ್ರಗಳಿದ್ದವು, ಎಲ್ಲರೂ ತುಸು ವಾಲಿದ್ದರು. ಅಧ್ಯಕ್ಷರು ದಪ್ಪನೆಯ, ಮೃದು ಮಾತಿನ ಮನುಷ್ಯ. ಊರಿನಲ್ಲಿ ದೊರೆಗಳು ಬದಲಾಗುತ್ತಿದ್ದರು, ಅಧ್ಯಕ್ಷಗಿರಿ ಮಾತ್ರ ಅಪ್ಪನಿಂದ ಮಗನಿಗೆ ಇಳಿದು ಬಂದಿತ್ತು. ಅವರು ಅವಳಿಗೆ ಕೂರಲು ಹೇಳಿದರು, ಕೂಸಿನ ಗಲ್ಲ ಹಿಂಡಿದರು, ಅವಳಿ ಎಂದು ಕೇಳಿದ ಕೂಡಲೇ ಅವರ ಮುಖ ಅರಳಿತು.

"ಅವಳಿ ಅಂದ್ರ ನಮ್ಮ ಸಂಘಕ್ಕ ಹಬ್ಬ ಇದ್ದಂಗ ನೋಡವ್ವಾ. ಇನ್ನ ಮುಂದ ಎರಡು ಕೂಸಿಗೆ ನಾಕು ಕೋಲು," ಎಂದರು.

"ಯಜಮಾನ್ರ, ಕೋಲಿನ ಮಾತು ಆಮ್ಯಾಲ. ನಾ ಅವನ್ನ ಎತ್ತಿಕೊಳ್ಳೋದು ಹೆಂಗ, ಅದನ್ನಷ್ಟು ಹೇಳ್ರಿ."

ಎತ್ತಿಕೊಳ್ಳುವುದು ಬಹಳ ಹಳೆಯ ಪದ್ಧತಿ ಎಂದು ಅಧ್ಯಕ್ಷರು ವಿವರಿಸಿದರು. ಬರೀ ನೋಡಿದರೂ ಪ್ರೀತಿ ಪ್ರೀತಿಯೇ. ಬಗ್ಗಿ ಮೂಸಿ ನೋಡಬಹುದು, ಹಾಡು ಹೇಳಬಹುದು. ಬೇಕಾದರೆ ಸಂಘದ ವತಿಯಿಂದ ಕೂಸು ತಟ್ಟುವ ಒಂದು ವಿಶೇಷ ಕೋಲನ್ನೇ ಮಾಡಿಸಿ ಕೊಡೋಣ, ತುದಿಗೆ ಹತ್ತಿ ಸುತ್ತಿದ್ದು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಎದ್ದು ನಿಂತು, ನೀವು ನಿಮ್ಮ ಮಗನನ್ನು ಎತ್ತಿಕೊಂಡಿದ್ದೀರಾ ಎಂದು ಕೇಳಿದಳು. ಅಧ್ಯಕ್ಷರು ತಮ್ಮ ಎಡಗೈಯನ್ನು ನೋಡಿಕೊಂಡರು. ಮಗ ಹುಟ್ಟಿದಾಗ ಸಂಘದ ಶತಮಾನೋತ್ಸವ ಇತ್ತು, ಬಿಡುವಾಗಲಿಲ್ಲ ಎಂದರು.

ಅಲ್ಲಿಂದ ಅವಳು ಅರಮನೆಗೆ ಹೋದಳು. ದೊರೆ ಬಡಕಲು ಮನುಷ್ಯ, ಯಾವಾಗಲೂ ದಣಿದಂತೆ ಕಾಣುತ್ತಿದ್ದ. ಅವಳ ಮಾತನ್ನು ಕೇಳಿ ಅವನಿಗೆ ಕಣ್ಣಲ್ಲಿ ನೀರೇ ಬಂತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸಂಘದ ವಿನಂತಿಪತ್ರ, ಒರೆಸಿಕೊಳ್ಳಲು ಕೈ ಸಾಲದೆ ಸೇವಕ ಬಂದು ಒರೆಸಿದ. ದೊರೆ ಅವಳಿಗೆ ದಾರಿ ತೋರಿಸಿದ. ಸಭೆಗೆ ಬಂದು ಕೋಲು ಎತ್ತಿಬಿಡು, ಒಬ್ಬರು ಎತ್ತಿದರೂ ಕಾನೂನು ಬಿದ್ದುಹೋಗುತ್ತದೆ, ಹಾಗೆಂದು ಹಿರಿಯರೇ ಬರೆದಿಟ್ಟಿದ್ದಾರೆ ಎಂದ. ಎತ್ತಿದರೆ ತನ್ನನ್ನು ಹಿಡಿಯುತ್ತಾರಲ್ಲ ಎಂದು ಅವಳು ಕೇಳಿದಳು.

"ಹಿಡೀತಾರ. ಅದು ಬ್ಯಾರೇ ಕಾನೂನು, ತಂಗಿ," ಎಂದು ದೊರೆ ನಿಟ್ಟುಸಿರು ಬಿಟ್ಟ.

ಹಿಡಿದರೆ ಕೂಸುಗಳು ಯಾರ ಬಳಿ ಇರಬೇಕು? ಎತ್ತದಿದ್ದರೆ ಅವು ಇನ್ನು ಮೇಲೆ ಯಾರ ಮೈಗೂ ತಾಗುವುದಿಲ್ಲ. ಅವಳಿಗೆ ಸಭೆಯ ದಿನದವರೆಗೂ ಊಟ ಸೇರಲಿಲ್ಲ.

ಸಭೆಯ ಮಧ್ಯಾಹ್ನ ಊರೆಲ್ಲ ಭವನದಲ್ಲಿ ಸೇರಿತು. ಬಾಗಿಲ ಬಳಿ ಹೊಸ ಕೋಲುಗಳ ರಾಶಿ ಬಿದ್ದಿತ್ತು, ಕಾನೂನು ಪಾಸಾದ ಗಳಿಗೆಯಲ್ಲೇ ಹಂಚಲೆಂದು. ಕೆತ್ತುವವರು ಜರಿಯಂಚಿನ ಪೇಟ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದರು. ರೊಟ್ಟಿ ತಟ್ಟುವವಳು ನಡುವೆ ನಿಂತಿದ್ದಳು, ಬಗಲಲ್ಲಿ ದೊಡ್ಡ ಕೂಸು. ಪಕ್ಕದಲ್ಲಿ ಹೂ ಕಟ್ಟುವ ಮುದುಕಿ, ಆಕೆಯ ಬಗಲಲ್ಲಿ ಸಣ್ಣ ಕೂಸು. ಅಧ್ಯಕ್ಷರು ವಿನಂತಿಯನ್ನು ಓದಿದರು. ಊರು ವಾಲಿದ ಬಗೆ, ಮಗುಚುವ ಅಪಾಯ, ಸಂಘದ ತ್ಯಾಗ. ಗುಮಾಸ್ತ ನೆಲಕ್ಕೆ ಕಿವಿ ಹಚ್ಚಿದ. ಒಪ್ಪಿಗೆ ಇದ್ದವರು ಕುಟ್ಟಿ ಎಂದು ದೊರೆ ಕಣ್ಣು ಮುಚ್ಚಿಕೊಂಡು ಹೇಳಿದ.

ಠಕ್. ಠಕ್. ಠಕ್. ಮುಂದಿನ ಸಾಲು ಶುರುಮಾಡಿತು, ಹಿಂದಿನ ಸಾಲು ಹಿಡಿದುಕೊಂಡಿತು. ಪೊಳ್ಳು ಹಲಗೆಗಳು ಗುಡುಗಿದವು. ರೊಟ್ಟಿ ತಟ್ಟುವವಳು ಕೋಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಎತ್ತಬೇಕು, ಎತ್ತಬೇಕು ಎಂದು ಅಂದುಕೊಳ್ಳುತ್ತಿದ್ದಳು, ಕೈ ಏಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಿದ್ದೀಯ ಎಂದು ಕೇಳಿಸಿಕೊಂಡ ಕೈ ಅದು. ಅಷ್ಟರಲ್ಲಿ ಗುಡುಗಿಗೆ ಬೆಚ್ಚಿ ಎರಡೂ ಕೂಸುಗಳು ಒಟ್ಟಿಗೆ ಕಿರುಚಿದವು. ಸಣ್ಣದು ಬೆನ್ನು ಸೆಟೆಸಿ ಅವ್ವನ ಕಡೆಗೆ ಹಾರಿತು. ಮುದುಕಿಯ ಒಂಟಿ ಕೈಯಿಂದ ಜಾರಿತು.

ತಾಯಿ ಯೋಚನೆ ಮಾಡಲಿಲ್ಲ. ಕೋಲು ಬಿಟ್ಟಳು. ಕೈ ಚಾಚಿ ಕೂಸನ್ನು ಗಾಳಿಯಲ್ಲೇ ಹಿಡಿದು ಎದೆಗೆ ಎಳೆದುಕೊಂಡಳು.

ಕೋಲು ಹಲಗೆಯ ಮೇಲೆ ಬಿದ್ದು ಠಕ್ಕೆಂದಿತು. ಉಳಿದ ಸದ್ದೆಲ್ಲ ನಿಂತುಹೋಯಿತು. ಊರಿನ ನಟ್ಟನಡುವೆ ಒಬ್ಬ ಹೆಂಗಸು ಎರಡು ಕಾಲಿನ ಮೇಲೆ, ಎರಡು ಕೈಯಲ್ಲಿ ಎರಡು ಕೂಸು ಹಿಡಿದು ನಿಂತಿದ್ದಳು.

ಗುಮಾಸ್ತ ತಲೆಯೆತ್ತಿ, ಕೊನೆಯ ಸದ್ದನ್ನು ಒಪ್ಪಿಗೆಗೆ ಸೇರಿಸಬೇಕೇ ಬೇಡವೇ ಎಂದು ಕೇಳಿದ. ಕೋಲು ನೆಲಕ್ಕೆ ತಾಗಿದೆ, ಸದ್ದು ಬಂದಿದೆ, ಸೇರಿಸು ಎಂದರು ಅಧ್ಯಕ್ಷರು. ಪೊಲೀಸಿನವ ಅವಳ ಬಳಿಗೆ ಬಂದು ನಿಂತ. ಏಕೆ ಹಿಡಿಯುತ್ತಿಲ್ಲ ಎಂದು ಅಧ್ಯಕ್ಷರು ಕೇಳಿದ್ದಕ್ಕೆ ಅವನು ಕಾನೂನನ್ನು ಬಾಯಿಪಾಠ ಒಪ್ಪಿಸಿದ. ಆಸರೆಯಿಲ್ಲದೆ ನಿಲ್ಲುವುದು ಅಪರಾಧ, ಏಕೆಂದರೆ ಹಾಗೆ ನಿಂತವರು ಬೀಳುತ್ತಾರೆ, ಬಿದ್ದ ಕೂಡಲೇ ಅವರನ್ನು ಹಿಡಿಯತಕ್ಕದ್ದು. ಅವಳು ಇನ್ನೂ ಬಿದ್ದಿಲ್ಲವಲ್ಲ. ಕೋಲೆತ್ತಿದವರಾಗಲಿ ಬಿಟ್ಟವರಾಗಲಿ ಇಲ್ಲಿಯವರೆಗೆ ಯಾರೂ ಇರಲಿಲ್ಲವಾದ್ದರಿಂದ ಬೀಳಲು ಎಷ್ಟು ಹೊತ್ತು ಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಬೀಳಲಿ ಎಂದು ಪೊಲೀಸಿನವ ಕಾದ. ಅಧ್ಯಕ್ಷರು ಕಾದರು, ದೊರೆ ಕಾದ, ನಾವೆಲ್ಲರೂ ಕಾದೆವು. ಶಾಲೆಯ ಮಾಸ್ತರರು ಈಗ ಬೀಳುತ್ತಾಳೆ, ನೋಡಿ ಎಂದು ಮಕ್ಕಳಿಗೆ ತೋರಿಸಿದರು. ಅವಳು ಬೀಳಲಿಲ್ಲ. ಅತ್ತಿತ್ತ ತೂಗಿದಾಗ ನಾವು ಉಸಿರು ಹಿಡಿದೆವು. ಅದು ಕೂಸುಗಳನ್ನು ತೂಗುತ್ತಿದ್ದದ್ದು. ದೊಡ್ಡದು ಅಳು ನಿಲ್ಲಿಸಿತು, ಸಣ್ಣದೂ ನಿಲ್ಲಿಸಿತು. ಎರಡೂ ಎಚ್ಚರವಿದ್ದು ಒಟ್ಟಿಗೆ ಸುಮ್ಮನಾದದ್ದು ಅದೇ ಮೊದಲು. ಕಿಟಕಿಯ ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ನಿಂತು ನಿಂತು ನಮಗೇ ಕಾಲು ನೋಯತೊಡಗಿದವು. ಪೊಲೀಸಿನವ ಕೋಲಿಗೆ ಆತು ನಿಂತಲ್ಲೇ ತೂಕಡಿಸಿ, ಕೊನೆಗೆ ಕೋಲು ಜಾರಿ ತಾನೇ ಬಿದ್ದ. ಬಿದ್ದವರನ್ನು ಹಿಡಿಯಬೇಕಾದವನೇ ಬಿದ್ದಮೇಲೆ ಏನು ಮಾಡಬೇಕೆಂದು ಕಾನೂನಿನಲ್ಲಿ ಇರಲಿಲ್ಲ.

ಆಗ ಅವಳು ಮೊದಲ ಬಾರಿಗೆ ಮಾತಾಡಿದಳು. "ಯಾರರ ನನ್ನ ಸೆರಗು ಸರಿ ಮಾಡ್ರಿ. ನನ್ನ ಕೈ ಖಾಲಿ ಇಲ್ಲ," ಎಂದಳು.

ಹೂ ಕಟ್ಟುವ ಮುದುಕಿ ಬಗ್ಗಿ ತನ್ನ ಕೋಲನ್ನು ನೆಲಕ್ಕೆ ಹಾಕಿದಳು. ಠಕ್. ಎರಡು ಕೈಯಿಂದ ಅವಳ ಸೆರಗನ್ನು ಹೆಗಲ ಮೇಲೆ ಎಳೆದು ಸಿಕ್ಕಿಸಿದಳು. ಸಿಕ್ಕಿಸಿದ ಮೇಲೆ ತನ್ನ ಕೈಗಳನ್ನೇ ತಿರುವಿ ತಿರುವಿ ನೋಡುತ್ತ ನಿಂತಳು. ಮುಂದಿನ ಸಾಲಿನಿಂದ ಗಂಡ ಬಂದ. ಅವನು ಕಾರ್ಖಾನೆಯ ಗೇಟಿನಲ್ಲಿ ಇಡುವ ಹಾಗೆ ಕೋಲನ್ನು ನೆಲಕ್ಕೆ ಇಟ್ಟ. ಠಕ್. ಪೈಲ್ವಾನನಿಗೆ ಬೆನ್ನು ತುರಿಸುತ್ತಿತ್ತು. ಠಕ್. ಒಬ್ಬ ಹುಡುಗಿ ತನ್ನ ಹೆರಳನ್ನು ತಾನೇ ಹಾಕಿಕೊಂಡು ನೋಡಬೇಕೆಂದಳು. ಠಕ್. ಅಕ್ಕಪಕ್ಕದ ಇಬ್ಬರು ಗಂಡಸರು ಕೋಲು ಬಿಟ್ಟು, ಎದುರುಬದುರು ನಿಂತು, ತಮ್ಮ ತಮ್ಮ ಎರಡು ಕೈ ಜೋಡಿಸಿ ಒಬ್ಬರಿಗೊಬ್ಬರು ನಮಸ್ಕಾರ ಮಾಡಿದರು. ಜೀವಮಾನವೆಲ್ಲ ಅವರು ದಾರಿಯಲ್ಲಿ ಆಕಾಶ ನೋಡಿಕೊಂಡು ದಾಟಿದವರು. ಅದನ್ನು ಕಂಡು ನಾನೂ ಕೋಲು ಬಿಟ್ಟೆ, ಸುಳ್ಳೇಕೆ ಹೇಳಲಿ.

ಆಮೇಲೆ ಯಾರದು ಮೊದಲು, ಯಾರದು ಆಮೇಲೆ ಎಂದು ಹೇಳುವುದು ಕಷ್ಟ. ಕೋಲುಗಳು ಮಳೆಯ ಹಾಗೆ ಬಿದ್ದವು. ಭವನ ಹಿಂದೆ ಎಂದೂ ಗುಡುಗಿರದ ಹಾಗೆ ಗುಡುಗಿತು. ಗುಮಾಸ್ತ ಕಿವಿಯನ್ನು ಉಜ್ಜಿಕೊಳ್ಳುತ್ತ ಎದ್ದು ಕೂತ. ಚರಿತ್ರೆಯಲ್ಲೇ ಇಷ್ಟು ದೊಡ್ಡ ಒಪ್ಪಿಗೆ ಆಗಿಲ್ಲ, ಎರಡನೆಯ ಕೋಲಿನ ಕಾನೂನು ಪಾಸಾಗಿದೆ ಎಂದು ಸಾರಿದ. ಸಾರುತ್ತ ತಾನೇ ಚಪ್ಪಾಳೆ ತಟ್ಟಿಬಿಟ್ಟ, ಒಬ್ಬನೇ, ಎರಡು ಕೈಯಲ್ಲಿ. ತಟ್ಟಿದವನು ತಾನೇ ಎಂದು ತಿಳಿದು ಗಾಬರಿಯಾದ.

ಆ ಕಾನೂನು ಇವತ್ತಿಗೂ ಇದೆ. ಮೊದಲನೆಯ ಕೋಲು ಹಿಡಿದವರೆಲ್ಲ ಎರಡನೆಯದನ್ನೂ ಹಿಡಿಯತಕ್ಕದ್ದು ಎಂದು ಅದರಲ್ಲಿ ಬರೆದಿದೆ. ಸಂಘದವರು ಹೊಸ ಕೋಲುಗಳ ರಾಶಿಯ ಪಕ್ಕದಲ್ಲಿ ನಿಂತು ಮೊದಲನೆಯದನ್ನು ಹಿಡಿದವರು ಯಾರಾದರೂ ಬರುತ್ತಾರೇನೋ ಎಂದು ನೋಡಿದರು. ಜನ ರಾಶಿಯನ್ನು ಬಳಸಿಕೊಂಡು, ತೋಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೂಗಾಡಿಸುತ್ತ ಹೊರಗೆ ಹೋದರು. ಕೆಲವರು ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡರು, ಕೆಲವರು ಬೆನ್ನ ಹಿಂದೆ ಕಟ್ಟಿಕೊಂಡರು. ದೊರೆ ಅಧ್ಯಕ್ಷರ ಕಡೆಗೆ ತಿರುಗಿ ಈಗ ತಾನೇನು ಮಾಡಬೇಕೆಂದು ಕೇಳಿದ. ಅಧ್ಯಕ್ಷರು ಬಾಗಿಲ ಕಡೆಗೆ ಹೊರಟಿದ್ದರು. ದೊರೆ ಸ್ವಲ್ಪ ಹೊತ್ತು ಕಾದು, ಒಂದೇ ಗಳಿಗೆಗೆ ಎಂಬಂತೆ ಕೋಲನ್ನು ಸಿಂಹಾಸನಕ್ಕೆ ಒರಗಿಸಿ, ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

ಅಧ್ಯಕ್ಷರು ಆಗಲೇ ಬೀದಿಗಿಳಿದಿದ್ದರು. ಅವರನ್ನು ಅಷ್ಟು ಹಗುರವಾಗಿ ಎಣಿಸಬಾರದು. ಸಂಘ ಕಟ್ಟಿದವರ ರಕ್ತ ಅದು. ಬೆಳ್ಳಿ ಹಿಡಿಯ ಕೋಲನ್ನು ಊರುತ್ತ ಬೇಗ ಬೇಗ ನಡೆದು ರೊಟ್ಟಿ ತಟ್ಟುವವಳ ಪಕ್ಕಕ್ಕೆ ಬಂದರು. ಅವಳು ಎರಡೂ ಕೂಸುಗಳನ್ನು ಹೊತ್ತು ಮನೆಯ ಕಡೆಗೆ ನಡೆಯುತ್ತಿದ್ದಳು. ಗಂಡ ಬರಿಗೈ ಚಾಚಿಕೊಂಡು, ಒಂದನ್ನಾದರೂ ಕೊಡು ಎಂದು ಬೇಡುತ್ತ ಹಿಂದಿನಿಂದ ಬರುತ್ತಿದ್ದ. ತಡೀರಿ, ಇನ್ನೊಂದಿಷ್ಟು ಹೊತ್ತು ಎಂದು ಅವಳು ಅವನಿಗೆ ಹೇಳುತ್ತಲೇ ಇದ್ದಳು.

ಅಧ್ಯಕ್ಷರು ಅವಳ ತೋಳುಗಳನ್ನು ನೋಡಿದರು. ತೋಳು ನಡುಗುತ್ತಿದ್ದವು, ಹಣೆಯಲ್ಲಿ ಬೆವರಿತ್ತು. ಎರಡು ಕೂಸೆಂದರೆ ಹಗುರವಲ್ಲ, ಒಂದು ಕೈಯಂತೂ ಹುಟ್ಟಿದಾಗಿನಿಂದ ಭಾರ ಹೊತ್ತು ಗೊತ್ತಿಲ್ಲದ್ದು.

"ಕೈ ನೋಯಾಕತ್ತಾವೇನವ್ವಾ?" ಎಂದು ಅಧ್ಯಕ್ಷರು ಬಹಳ ಪ್ರೀತಿಯಿಂದ ಕೇಳಿದರು.

"ಹೌದ್ರಿ. ಭಾಳ ನೋಯಾಕತ್ತಾವ."

ಅಧ್ಯಕ್ಷರ ಮುಖದಲ್ಲಿ ಜೀವ ಬಂತು. "ನೋಡು, ಅದಕ್ಕ ನಮ್ಮ ಸಂಘದಿಂದ ಏನರ ಒಂದು…"

"ನೋಯಲಿ ಬಿಡ್ರಿ," ಎಂದಳು ಅವಳು, ಕೂಸುಗಳ ಮುಖದಿಂದ ಕಣ್ಣು ತೆಗೆಯದೆ. ಎರಡೂ ಮುಖಗಳನ್ನು ಒಟ್ಟಿಗೆ, ಅಷ್ಟು ಹತ್ತಿರದಿಂದ ಅವಳು ನೋಡುತ್ತಿದ್ದದ್ದು ಅದೇ ಮೊದಲು. ದೊಡ್ಡದಕ್ಕೆ ಅಪ್ಪನ ಮೂಗು, ಸಣ್ಣದಕ್ಕೆ ತನ್ನ ಅವ್ವನ ಗಲ್ಲ. ಅಧ್ಯಕ್ಷರು ಬೀದಿಯ ನಡುವೆ ನಿಂತುಕೊಂಡರು, ಅವಳು ಮನೆಗೆ ಹೋದಳು.